ಅವತ್ತು ರಾತ್ರಿ ಫೋನ್ ಎತ್ತಿದವರಿಗೆ

ನನ್ನ ಮನಸ್ಸಿನ ಕಾಯಿಲೆಗೆ ಕೊಟ್ಟಿದ್ದ ಮಾತ್ರೆ ಕಡಿಮೆ ಮಾಡುತ್ತಾ ಬಂದಿದ್ದ ಡಾಕ್ಟರು ಹೋದ ಮಂಗಳವಾರ ಪೂರ್ತಿ ನಿಲ್ಲಿಸಿದರು. "ಮತ್ತೆ ಏನಾದ್ರೂ ತೊಂದರೆ ಅನಿಸಿದ್ರೆ ಕಾಯಬೇಡಿ, ಬಂದುಬಿಡಿ" ಅಂದರು. ಯಾರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಬಸ್ಸಲ್ಲಿ ಕೂತು ಲೆಕ್ಕ ಹಾಕಿದೆ. ಅವರಲ್ಲೊಬ್ಬರ ಹೆಸರು ನನಗೆ ಗೊತ್ತಿಲ್ಲ, ಮುಖವೂ ನೋಡಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾಸಿಗೆ ಹಿಡಿದಿದ್ದ ನಮ್ಮತ್ತೆಯನ್ನು ವರ್ಷಗಟ್ಟಲೆ ನೋಡಿಕೊಂಡವಳು ನಾನು. ಬೆಳಗ್ಗೆ ಗಂಜಿ, ಆಮೇಲೆ ಮಾತ್ರೆ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು. ಅವರು ತೀರಿಕೊಂಡ ದಿನವೇ ಅದೆಲ್ಲ ನಿಂತುಹೋಯಿತು. ಮಗ ಪುಣೆಯಲ್ಲಿ, ಯಜಮಾನರದು ನೈಟ್ ಬಸ್ಸಿನ ಡ್ಯೂಟಿ. ತಿಥಿ ಮುಗಿದ ಮೇಲೆ ಬಂದುಹೋಗುವವರೂ ಇಲ್ಲ. "ಇನ್ನಾದ್ರೂ ನಿಂಗೆ ಬಿಡುವು ಸಿಕ್ತು" ಅಂದವರೇ ಜಾಸ್ತಿ. ಮನೆಯಲ್ಲಿ ಸದ್ದಿರಲಿ ಅಂತ ಟಿವಿ ಹಾಕಿ, ಒಳಗೆ ಹೋಗಿ ಮಲಗುತ್ತಿದ್ದೆ. ಒಬ್ಬಳಿಗೆ ಏನು ಅಡುಗೆ ಅಂತ ಸಂಜೆ ಒಲೆ ಹಚ್ಚುವುದನ್ನೂ ಬಿಟ್ಟೆ.

14416 ಅನ್ನುವ ನಂಬರ್ ಕಳಿಸಿದ್ದು ಮಗ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರುವ ಸಹಾಯವಾಣಿ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ಕ್ಕೆ ಶುರು ಮಾಡಿದ್ದು. ಇಡೀ ದೇಶಕ್ಕೆ ಅದನ್ನು ನಡೆಸುವುದರಲ್ಲಿ ಮುಂದಾಳು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದುಡ್ಡು ಕೊಡಬೇಕಾಗಿಲ್ಲ, 24 ಗಂಟೆಯೂ ಇರುತ್ತದೆ. ಒಂದು ರಾತ್ರಿ ನಿದ್ದೆ ಹತ್ತದೆ ಒತ್ತಿದೆ. ಮೊದಲು ಭಾಷೆ ಆರಿಸಿ ಅನ್ನುತ್ತೆ, ಆಮೇಲೆ ಮನುಷ್ಯರು ಸಿಗುತ್ತಾರೆ. ಸಿಕ್ಕಿದ್ದು ಒಬ್ಬ ಹೆಣ್ಣುಮಗಳು. "ಹೇಳಿ ಅಮ್ಮ" ಅಂದದ್ದೇ ತಡ, ನನಗೆ ಅಳು. ಅವರು ಅವಸರ ಮಾಡಲಿಲ್ಲ.

"ರಾತ್ರಿ ಏನು ಊಟ ಮಾಡಿದ್ರಿ?"

"ಎರಡು ಬಿಸ್ಕತ್ತು."

ನಿದ್ದೆ ಎಷ್ಟು, ಮನೆಯಲ್ಲಿ ಯಾರಿದ್ದಾರೆ ಅಂತೆಲ್ಲ ಕೇಳಿದರು. ಆಮೇಲೆ ನೇರವಾಗಿ, "ಸಾಯಬೇಕು ಅಂತ ಅನ್ಸುತ್ತಾ?" ಅಂದರು. ಇಷ್ಟು ಬಿಡಿಸಿ ನನ್ನನ್ನು ಯಾರೂ ಕೇಳಿರಲಿಲ್ಲ. "ಹಾಗಲ್ಲ, ಬೆಳಗಾಗೋದೇ ಬೇಡ ಅನ್ಸುತ್ತೆ" ಅಂದೆ. ಅದನ್ನು ಹಗುರವಾಗಿ ತಗೊಳ್ಳಲಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಹೋಗಲೇಬೇಕು ಅಂದರು. ಜೊತೆಗೆ ಒಂದು ಕೆಲಸ ಹಚ್ಚಿದರು: ದಿನಾ ಒಬ್ಬರಿಗೆ, ಏನೂ ಕಾರಣ ಇಲ್ಲದೆ, ಫೋನ್ ಮಾಡಬೇಕು.

ಮೊದಲು ನಾದಿನಿಗೆ ಮಾಡಿದೆ. "ಏನತ್ತಿಗೆ, ಆಸ್ತಿ ವಿಷ್ಯನಾ?" ಅಂದಳು! ಸುಮ್ನೆ ಮಾಡಿದೆ ಕಣೇ ಅಂದರೂ ನಂಬಲಿಲ್ಲ. ಈಗ ನಾನು ಒಂದು ದಿನ ಮಾಡದಿದ್ದರೆ ಅವಳೇ ಮಾಡಿ ಬೈಯುತ್ತಾಳೆ. ಅವಳಿಗೆ ನನ್ನ ವಂದನೆ. ಕೇಳಿಕೊಂಡು ಹಗಲು ಪಾಳಿಗೆ ಬಂದ ಯಜಮಾನರಿಗೆ, "ಇದೂ ಬಿಪಿ ಇದ್ದ ಹಾಗೆ ಕಾಯಿಲೇನೇ" ಅಂತ ಅವರನ್ನು ಕೂರಿಸಿ ತಿಳಿಸಿದ ಡಾಕ್ಟರಿಗೆ, ಸಂಜೆ ಕೆರೆ ಏರಿ ಮೇಲೆ ಜೊತೆಗೆ ನಡೆಯುವ ಪಕ್ಕದ ಮನೆಯವರಿಗೂ.

ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು. ಹಾಗಾದರೆ ನಮ್ಮ ಬೀದಿಯಲ್ಲೇ ಎಷ್ಟು ಮನೆ ಅಂತ ಯೋಚಿಸಿದೆ. ಪಕ್ಕದ ಮನೆಯವರ ಜೊತೆ ನಡೆಯಲು ಶುರು ಮಾಡಿದ್ದೂ ಆಮೇಲೇ. ಅವರ ಮಕ್ಕಳೂ ದೂರ ಇದ್ದಾರೆ.

14416ರಲ್ಲಿ ಕೆಲಸ ಮಾಡುವ ಯಾರಾದರೂ ಇದನ್ನು ಓದಿದರೆ, ನಿಮ್ಮ ಜೊತೆಯವರಿಗೂ ತೋರಿಸಿ. ಬಿಸ್ಕತ್ತು ತಿಂದು ಮಲಗಿದ್ದ ಅಮ್ಮ ಈಗ ಎರಡು ಹೊತ್ತೂ ಅಡುಗೆ ಮಾಡುತ್ತಿದ್ದಾರೆ ಅಂತ ಹೇಳಿ. ಅವರಿಗೆ ನೆನಪಿರಬಹುದು.