ನಾವೂ ಬರೆದಿದ್ದೆವು, ಒಂದೂವರೆ ಪುಟ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಮೈಸೂರಿನ ಒಬ್ಬರು ಬರೆದಿದ್ದರು. ಕೊಡಗಿನವರು ಕಾನೂನು ಬರುವ ತನಕ ಬಾಯಿ ಬಿಡುವುದಿಲ್ಲ, ಬಂದ ಮೇಲೆ ರಸ್ತೆಗೆ ಇಳಿಯುತ್ತಾರೆ, ಅರಣ್ಯ ಕಾನೂನಿನ ತಿದ್ದುಪಡಿಗೆ ಸಂಸತ್ತಿನ ಸಮಿತಿ ಅಭಿಪ್ರಾಯ ಕೇಳಿದಾಗ ಇವರೆಲ್ಲ ಎಲ್ಲಿದ್ದರು ಎಂದು. ಎಲ್ಲಿದ್ದೆವು ಅಂತ ಹೇಳುತ್ತೇನೆ. 2023ರ ಮೇ ತಿಂಗಳಲ್ಲಿ ನಾವು ಸುಂಟಿಕೊಪ್ಪದಲ್ಲಿ, ನನ್ನ ಅಂಗಡಿಯಲ್ಲಿ, ಕರೆಂಟ್ ಬರಲಿ ಅಂತ ಕಾಯುತ್ತಾ ಕೂತಿದ್ದೆವು.

ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಪಹಣಿ ತೆಗೆಸುವವರು, ಬಾಂಡ್ ಪೇಪರ್ ಬರೆಸುವವರು, ಆನೆ ತುಳಿದ ಕಾಫಿ ಗಿಡಕ್ಕೆ ಪರಿಹಾರ ಕೇಳುವವರು, ಎಲ್ಲರೂ ಬರುತ್ತಾರೆ. ಯಾವ ಕಾನೂನು ಯಾರ ಮನೆ ಬಾಗಿಲಿಗೆ ಹೇಗೆ ಬರುತ್ತದೆ ಅನ್ನುವುದು ನನಗೆ ಗೊತ್ತಾಗುವುದು ಅರ್ಜಿಗಳಿಂದ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ.

ಆಗ ಬಂದದ್ದು ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ. ಮಾರ್ಚ್ 29ರಂದು ಲೋಕಸಭೆಯಲ್ಲಿ ಮಂಡನೆಯಾಗಿ, ಎರಡೂ ಸದನಗಳ ಜಂಟಿ ಸಮಿತಿಗೆ ಹೋಗಿತ್ತು. ಪರಿಸರಕ್ಕೆ ಅಂತಲೇ ಸಂಸತ್ತಿನಲ್ಲಿ ಒಂದು ಸ್ಥಾಯಿ ಸಮಿತಿ ಇದೆ. ಅದನ್ನು ಬಿಟ್ಟು ಇದಕ್ಕೆ ಬೇರೆ ಸಮಿತಿ ಯಾಕೆ ಎಂದು ಆ ಸ್ಥಾಯಿ ಸಮಿತಿಯ ಅಂದಿನ ಅಧ್ಯಕ್ಷ ಜೈರಾಮ್ ರಮೇಶ್ ತಕರಾರು ಮಾಡಿದ್ದರು. ಆ ಜಗಳ ಅವರದು, ಇರಲಿ. ಜಂಟಿ ಸಮಿತಿ ಜನರ ಅಭಿಪ್ರಾಯ ಕೇಳಿ ಜಾಹೀರಾತು ಕೊಟ್ಟಿತು. ಸಿಕ್ಕಿದ ಸಮಯ ಹದಿನೈದು ದಿನ. ಅದೂ ಮೇ ತಿಂಗಳ ಮೊದಲ ವಾರದಿಂದ. ನಮ್ಮ ವಿಧಾನಸಭೆ ಚುನಾವಣೆಯ ಮತದಾನ ಮೇ 10ಕ್ಕೆ, ಎಣಿಕೆ 13ಕ್ಕೆ. ಆ ದಿನಗಳಲ್ಲಿ ಕೊಡಗಿನಲ್ಲಿ ಯಾರ ಕೈಗೆ ಯಾವ ಕಾಗದ ಕೊಟ್ಟರೂ ಮತದಾರರ ಚೀಟಿ ಅಂದುಕೊಳ್ಳುತ್ತಿದ್ದರು!

ಜಾಹೀರಾತು ನಮ್ಮಲ್ಲಿಗೆ ಬಂದದ್ದು ವಾಟ್ಸಾಪ್‌ನಲ್ಲಿ. ನಮ್ಮ ಹೋಬಳಿಯ ಒಂದು ಊರಿನ ದೇವರಕಾಡಿನ ತಕ್ಕರು (ದೇವರ ಕಾರ್ಯ ನೋಡಿಕೊಳ್ಳುವ ಊರಿನ ಹಿರಿಯರು) ಅದನ್ನು ಫೋನಿನಲ್ಲಿ ಹಿಡಿದುಕೊಂಡು, ಇನ್ನಿಬ್ಬರನ್ನು ಕರೆದುಕೊಂಡು ಅಂಗಡಿಗೆ ಬಂದರು. ಜೊತೆಗೆ ನಾಲ್ಕು ಹಾಳೆ. ಎರಡೂ ಬದಿ, ನೀಲಿ ಇಂಕಿನಲ್ಲಿ, ಗೆರೆ ತಪ್ಪದ ಅಕ್ಷರ. ಕನ್ನಡದಲ್ಲಿ. "ಇದನ್ನು ಟೈಪ್ ಮಾಡಿ ಕಳಿಸಿಬಿಡಮ್ಮಾ" ಅಂದರು.

ನಾನು ಜಾಹೀರಾತನ್ನು ದೊಡ್ಡದು ಮಾಡಿ ಓದಿದೆ. ಮನವಿಯ ಎರಡು ಪ್ರತಿ ಕಳಿಸಬೇಕು. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು. ಕಳಿಸಿದ ಮನವಿ ಸಮಿತಿಯ ದಾಖಲೆಯಾಗುತ್ತದೆ, ಗೌಪ್ಯವಾಗಿರುತ್ತದೆ. ಸಂಸತ್ತಿನ ಸಮಿತಿಗಳ ಜಾಹೀರಾತಿನಲ್ಲಿ ಯಾವಾಗಲೂ ಇರುವ ಸಾಲುಗಳಂತೆ ಇವು. ನಾನು ಓದಿ ಹೇಳಿದಾಗ ತಕ್ಕರು ಕನ್ನಡಕ ತೆಗೆದು ಕೇಳಿದರು, "ನಮ್ಮ ಕಾಡಿನ ವಿಷಯ. ನಾವೇ ಬರೆದದ್ದು. ಯಾರಿಂದ ಗೌಪ್ಯ?"

ನನಗೇನು ಗೊತ್ತು.

ಇಂಗ್ಲಿಷ್ ಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಓದಿದ್ದು ಬಿ.ಕಾಂ. ಬ್ಯಾಂಕಿಗೆ ಪತ್ರ ಬರೆಯುವಷ್ಟು ಇಂಗ್ಲಿಷ್ ಬರುತ್ತದೆ. ತೊಂದರೆ ಶುರುವಾಗಿದ್ದೇ ಮೊದಲ ಪದದಲ್ಲಿ.

"ದೇವರಕಾಡಿಗೆ ಇಂಗ್ಲಿಷಲ್ಲಿ ಏನಮ್ಮಾ?"

"ಸೇಕ್ರೆಡ್ ಗ್ರೋವ್ ಅಂತಾರೆ ತಕ್ಕರೇ."

"ಗ್ರೋವ್ ಅಂದ್ರೆ?"

ಫೋನಿನಲ್ಲಿ ನೋಡಿ ಹೇಳಿದೆ. "ತೋಪು."

"ತೋಪಾ? ಮಾವಿನ ತೋಪಿನ ಹಾಗಾ? ಇದು ಕಾಡಮ್ಮಾ."

ಆ ಮಸೂದೆಯ ಮುಖ್ಯ ಪ್ರಶ್ನೆಯೇ ಅದು, ಯಾವುದು ಕಾಡು ಅನ್ನುವುದು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಾಗ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡು ಅನ್ನಿಸಿದರೆ ಅದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದಿತ್ತು. ಹೊಸ ಮಸೂದೆ ಅದನ್ನು ಕಿರಿದು ಮಾಡಿತು. ಅರಣ್ಯ ಅಂತ ಅಧಿಸೂಚನೆಯಾಗಿರಬೇಕು, ಇಲ್ಲವೇ 1980ರ ಅಕ್ಟೋಬರ್ 25ರಂದು ಅಥವಾ ಆಮೇಲೆ ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಬರೆದಿರಬೇಕು. ಅಂದರೆ ನೆಲದ ಮೇಲೆ ಏನಿದೆ ಅನ್ನುವುದಕ್ಕಿಂತ ಕಾಗದದಲ್ಲಿ ಏನಿದೆ ಅನ್ನುವುದು ದೊಡ್ಡದು.

ಕಾಗದದ ಕಥೆ ಕೊಡಗಿನವರಿಗೆ ಹೇಳಿಕೊಡಬೇಕಾ? ಜಿಲ್ಲೆಯಲ್ಲಿ ಲೆಕ್ಕಕ್ಕೆ ಸಿಕ್ಕ ದೇವರಕಾಡುಗಳು 1,214. 1905ರಲ್ಲಿ ಇವುಗಳ ಒಟ್ಟು ವಿಸ್ತಾರ 15,506 ಎಕರೆ ಇತ್ತು. 1985ರ ಹೊತ್ತಿಗೆ 6,299 ಎಕರೆ. ಉಳಿದದ್ದು ಎಲ್ಲಿ ಹೋಯಿತು ಅಂತ ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಪೈಸಾರಿ, ಊರುಡುವೆ, ಜಮ್ಮಾ ಬಾಣೆ, ಸಿ ಮತ್ತು ಡಿ ಜಮೀನು, ಹೀಗೆ ನಮ್ಮ ಪಹಣಿಯ ಪದಗಳು ಪಕ್ಕದ ಹಾಸನದವರಿಗೇ ಅರ್ಥವಾಗುವುದಿಲ್ಲ. ನಾನು ದೆಹಲಿಗೆ ಅರ್ಥವಾಗುವ ಹಾಗೆ ಬರೆಯಬೇಕಿತ್ತು.

ಮಧ್ಯಾಹ್ನ ಗುಡುಗು ಮಳೆ ಶುರುವಾಗಿ ಕರೆಂಟ್ ಹೋಯಿತು. ಯುಪಿಎಸ್ ಇಪ್ಪತ್ತು ನಿಮಿಷ ಕಿರುಚಿ ಸುಮ್ಮನಾಯಿತು. ಅಷ್ಟರಲ್ಲಿ ಒಂದು ಪುಟ ಆಗಿತ್ತು. ಮೇಣದ ಬತ್ತಿ ಹಚ್ಚಿ ಉಳಿದ ಹಾಳೆ ಓದಿದೆವು. ಅದರಲ್ಲಿ ಏನೇನಿತ್ತು ಗೊತ್ತಾ? ಕಾಡಿನ ಗಡಿ ಯಾವ ಕಡಂಗದಿಂದ (ಹಳೆಯ ಕಂದಕ) ಯಾವ ತೋಡಿನ (ಹಳ್ಳ) ತನಕ. ಸರ್ವೆ ನಕ್ಷೆಯಲ್ಲಿ ಆ ತೋಡು ತಪ್ಪಾಗಿ ಎಲ್ಲಿ ತಿರುಗಿದೆ. ಬಿದ್ದ ಮರವನ್ನೂ ಸೌದೆಗೆ ತರಬಾರದು ಅನ್ನುವ ಕಟ್ಟು, ಅದನ್ನು ಮುರಿದವರು ಕಟ್ಟಿದ ತಪ್ಪು ಕಾಣಿಕೆ. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು. ಅವು ಒಂದರ ಮೇಲೊಂದು ಬಿದ್ದು, ಪಾಚಿ ಹಿಡಿದು, ಕೆಳಗಿನವು ಮಣ್ಣಿಗೆ ಮಣ್ಣಾಗಿವೆ. ಎಷ್ಟು ತಲೆಮಾರಿನವು ಅಂತ ಯಾರೂ ಎಣಿಸಿಲ್ಲ ಅಂತ ತಕ್ಕರು ಬರೆದಿದ್ದರು.

ನಾನು ಆ ನಾಯಿಗಳನ್ನು ಬಿಟ್ಟೆ. ದೆಹಲಿಯಲ್ಲಿ ಓದುವವರು ನಕ್ಕಾರು ಅನ್ನಿಸಿತು. ಕಡಂಗಕ್ಕೆ ಪದ ಸಿಗಲಿಲ್ಲ, ಅದನ್ನೂ ಬಿಟ್ಟೆ. ತೋಡಿನ ತಿರುವು ವಿವರಿಸಲು ಹೋಗಿ ವಾಕ್ಯ ಗೋಜಲಾಯಿತು, ಅಳಿಸಿದೆ. ರಾತ್ರಿ ಎಂಟಕ್ಕೆ ಕರೆಂಟ್ ಬಂದಾಗ ನಾಲ್ಕು ಹಾಳೆ ಒಂದೂವರೆ ಪುಟವಾಗಿತ್ತು. ತಕ್ಕರು ಇಂಗ್ಲಿಷಿನಲ್ಲಿ ಸಹಿ ಹಾಕಿದರು. ಒಳಗೆ ಏನಿದೆ ಅಂತ ಕೇಳಲಿಲ್ಲ. ಮಾರನೇ ದಿನ ಎರಡು ಪ್ರತಿ ಸ್ಪೀಡ್ ಪೋಸ್ಟ್ ಮಾಡಿದೆವು. ಕಾಡಿಗೆ ಸಾಕ್ಷಿ ಅಂತ ಏನಾದರೂ ಇದ್ದರೆ ಅದು ನಾನು ಬಿಟ್ಟ ಎರಡೂವರೆ ಹಾಳೆಯಲ್ಲಿತ್ತು ಅಂತ ನನಗೆ ಹೊಳೆದದ್ದು ಎಷ್ಟೋ ತಿಂಗಳ ನಂತರ.

ಜುಲೈನಲ್ಲಿ ಸಮಿತಿಯ ವರದಿ ಬಂತು. ಸಮಿತಿಗೆ ಬಂದ ಮನವಿಗಳು 1,309 ಎಂದು ಆಗ ಓದಿದೆ. ಮಸೂದೆ ಮಾತ್ರ ಹೋದ ಹಾಗೆಯೇ ವಾಪಸ್ ಬಂತು, ಒಂದು ಅಕ್ಷರ ಬದಲಾಗಲಿಲ್ಲ. ಕೆಲವು ಸದಸ್ಯರು ಭಿನ್ನಮತ ಬರೆದಿಟ್ಟರು. ಜುಲೈ 26ಕ್ಕೆ ಲೋಕಸಭೆ, ಆಗಸ್ಟ್ 2ಕ್ಕೆ ರಾಜ್ಯಸಭೆ, ಮುಗಿಯಿತು. ಕಾಯ್ದೆಯ ಹೆಸರೂ ಬದಲಾಯಿತು. ಈಗ ಇಂಗ್ಲಿಷ್ ಪ್ರತಿಯಲ್ಲೂ ಅದು 'ವನ್ ಸಂರಕ್ಷಣ್ ಏವಂ ಸಂವರ್ಧನ್ ಅಧಿನಿಯಮ್'. ನಾನು ಕಷ್ಟಪಟ್ಟು ಇಂಗ್ಲಿಷ್ ಮಾಡಿದ್ದು ಯಾಕೋ! 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಎಂದು ಮಧ್ಯಂತರ ಆದೇಶ ಕೊಟ್ಟಿತು. ಸಮಿತಿಯಲ್ಲಿ ಕೂತು ಮಾತಾಡಿ ಮುಗಿಸಬೇಕಾದದ್ದು ಕೋರ್ಟಿಗೆ ಹೋಯಿತು ಅಂತ ನನಗೆ ಅನ್ನಿಸುತ್ತದೆ.

ಸಮಿತಿ ಅಂದರೆ ದಂಡ ಅಂತ ನಾನು ಹೇಳುತ್ತಿಲ್ಲ. 2021ರ ವನ್ಯಜೀವಿ ತಿದ್ದುಪಡಿ ಮಸೂದೆ ಸ್ಥಾಯಿ ಸಮಿತಿಗೆ ಹೋಗಿತ್ತು. ಪಟ್ಟಿಗಳಲ್ಲಿ ಯಾವ ಪ್ರಾಣಿ ಬಿಟ್ಟುಹೋಗಿದೆ, ಯಾವ ಹೆಸರು ತಪ್ಪಾಗಿದೆ ಅಂತ ಅವರು ಸಾಲು ಸಾಲು ನೋಡಿದರು. ಅದು ಕೆಲಸ. (ಅಲ್ಲಿ ದೊಡ್ಡ ಚರ್ಚೆಯಾದ ಆನೆ ಮಾತ್ರ ಸಾಕಿದ ಆನೆ, ಒಬ್ಬರಿಂದ ಒಬ್ಬರಿಗೆ ಕೊಡಬಹುದಾ ಅಂತ. ನಮ್ಮ ತೋಟಕ್ಕೆ ಹಲಸಿನ ಹಣ್ಣಿಗೆ ಬರುವ ಆನೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.) ಆದರೆ ಸಮಿತಿಯ ತನಕ ಹೋಗುವ ಮಸೂದೆಗಳೇ ಕಮ್ಮಿ. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಲ್ಲಿ 15ನೇ ಲೋಕಸಭೆಯ ಕಾಲದಲ್ಲಿ ಶೇ 71ರಷ್ಟು ಮಸೂದೆ ಸಮಿತಿಗೆ ಹೋಗಿದ್ದವು, 17ನೇ ಲೋಕಸಭೆಯಲ್ಲಿ ಶೇ 16.

ಇನ್ನು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿ. ಅದನ್ನು ಜಾರಿಗೆ ತರುವುದು ಮಸೂದೆಯೇ ಅಲ್ಲ, ಪರಿಸರ ಸಚಿವಾಲಯ ಹೊರಡಿಸುವ ಅಧಿಸೂಚನೆ. ಸದನದಲ್ಲಿ ಮತಕ್ಕೆ ಬರುವುದಿಲ್ಲ. ಹಾಗಾಗಿಯೇ ಸಂಸತ್ತಿನ ಸಮಿತಿ ಇದನ್ನು ಬಿಡಿಸಿ ನೋಡಬೇಕು ಅನ್ನುವುದು ನನ್ನ ವಾದ. 2014ರಿಂದ 2024ರ ತನಕ ಆರು ಕರಡು ಬಂದಿವೆ. ಕೊಡಗಿನ 55 ಹಳ್ಳಿಗಳು ಪಟ್ಟಿಯಲ್ಲಿವೆ. ಪ್ರತಿ ಸಲ ಆಕ್ಷೇಪಣೆಗೆ 60 ದಿನ. ಪ್ರತಿ ಸಲ ಪಂಚಾಯಿತಿಯವರು ಬರುತ್ತಾರೆ, ನಾನು ಹಿಂದಿನ ಸಲದ ಫೈಲ್ ತೆರೆದು ದಿನಾಂಕ ಬದಲಿಸಿ ಪ್ರಿಂಟ್ ಕೊಡುತ್ತೇನೆ. ನಿಜ ಹೇಳುತ್ತೇನೆ, ಪರ ಇರುವವರ ಪತ್ರವೂ ನನ್ನ ಹತ್ತಿರವೇ ಟೈಪ್ ಆಗುತ್ತದೆ, ವಿರೋಧ ಇರುವವರದ್ದೂ. ಇಬ್ಬರೂ ಮೂಲ ವರದಿ ಓದಿಲ್ಲ. ಕನ್ನಡದಲ್ಲಿ ಪೂರ್ತಿ ಕೈಗೆ ಸಿಕ್ಕಿದ್ದರೆ ಓದುತ್ತಿದ್ದರೇನೋ. ಆರನೇ ಕರಡು ಬಂದದ್ದು 2024ರ ಜುಲೈ 31ಕ್ಕೆ, ವಯನಾಡು ಕುಸಿದ ಮಾರನೇ ದಿನ. ಆಗ ಇಲ್ಲಿ ಸುರಿಯುವ ಮಳೆಯಲ್ಲಿ ಗ್ರಾಮಸಭೆಗೆ ಯಾರು ಬರುತ್ತಾರೆ?

ಭಾಷೆಯ ಮಾತು ನಾನು ಹೊಸದಾಗಿ ಎತ್ತಿದ್ದಲ್ಲ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಬಂದಾಗ ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅದನ್ನು ಅನುವಾದ ಮಾಡಿ ಎಂದಿತ್ತು. ಕೇಂದ್ರ ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಸಂವಿಧಾನದ 350ನೇ ವಿಧಿ, ಕುಂದುಕೊರತೆ ಹೇಳಿಕೊಳ್ಳಲು ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗಳಿಗೆ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದು ಎನ್ನುತ್ತದೆ ಅಂತ ನಮ್ಮ ಅಂಗಡಿಗೆ ಬರುವ ವಕೀಲರು ತೋರಿಸಿದರು. ಸಂಸದರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರೆ ಅನುವಾದಕರು ಇರುತ್ತಾರೆ. ಸಂಸದರನ್ನು ಆರಿಸಿದವರು ಬರೆದರೆ ಇಲ್ಲ. ಇದು ನ್ಯಾಯವಾ?

ಒಂದು ಕಾಲದಲ್ಲಿ, 1952ರಿಂದ 56ರ ತನಕ, ಕೊಡಗಿಗೆ ಅಂತಲೇ ಮಡಿಕೇರಿಯಲ್ಲಿ 24 ಜನರ ವಿಧಾನಸಭೆ ಇತ್ತು. ಈಗ ಶಾಸಕರು ಇಬ್ಬರು, ಸಂಸದರು ಮೈಸೂರಿನ ಜೊತೆ ಸೇರಿ ಒಬ್ಬರು. ಅದನ್ನು ವಾಪಸ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಸ್ಥಾಯಿ ಸಮಿತಿಯವರು ಹೇಗೂ ಅಧ್ಯಯನ ಪ್ರವಾಸ ಮಾಡುತ್ತಾರೆ. ಒಂದು ಸಲ ಇಲ್ಲಿಗೆ ಬರಲಿ, ಜನವರಿ ಫೆಬ್ರುವರಿಯಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿ ಇದ್ದರೂ ಪರವಾಗಿಲ್ಲ. ಹೋಟೆಲಿನ ಸಭಾಂಗಣದಲ್ಲಿ ಅಲ್ಲ, ಮಕ್ಕಂದೂರಿನಲ್ಲೋ ಹಟ್ಟಿಹೊಳೆಯಲ್ಲೋ ಕೂರಲಿ. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಇಳಿದ ಮೇಲೆ ಜನ ಒದ್ದೆಯಾದ ಪಹಣಿ, ಅರ್ಧ ಹರಿದ ರೇಷನ್ ಕಾರ್ಡ್ ಹಿಡಿದು ನನ್ನ ಅಂಗಡಿಗೆ ಬಂದಿದ್ದರು. ಜೆರಾಕ್ಸ್ ಗಾಜಿನ ಮೇಲೆ ಕೆಸರು ಉಳಿಯುತ್ತಿತ್ತು, ಒಬ್ಬರ ಪ್ರತಿ ತೆಗೆದ ಮೇಲೆ ಒರೆಸಿ ಇನ್ನೊಬ್ಬರದ್ದು ಇಡುತ್ತಿದ್ದೆ. ಅವರಿಗೆ ಅರಣ್ಯ ನೀತಿಯ ಬಗ್ಗೆ ಹೇಳಲು ಇದೆ, ಪರವೂ ಇದೆ ವಿರೋಧವೂ ಇದೆ. ಕನ್ನಡದಲ್ಲಿ, ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ, ಯರವ ಭಾಷೆಯಲ್ಲಿ ಹೇಳುತ್ತಾರೆ. ಬರೆದುಕೊಳ್ಳುವವರನ್ನು ಸಮಿತಿಯವರೇ ಕರೆದುಕೊಂಡು ಬರಲಿ. ಕನ್ನಡ ಪತ್ರಿಕೆಯಲ್ಲಿ ಕನ್ನಡದಲ್ಲೇ ಜಾಹೀರಾತು ಕೊಡಲಿ, ಹದಿನೈದು ದಿನದ ಬದಲು ಎರಡು ತಿಂಗಳು ಕೊಡಲಿ.

ಮೈಸೂರಿನ ಆ ಓದುಗರಿಗೆ ಇನ್ನೂ ಸಂಶಯವಿದ್ದರೆ ಸ್ಪೀಡ್ ಪೋಸ್ಟ್ ರಸೀದಿ ನನ್ನ ಬಾಕ್ಸ್ ಫೈಲಿನಲ್ಲಿದೆ, ಬಂದು ನೋಡಬಹುದು. ತಕ್ಕರ ನಾಲ್ಕು ಹಾಳೆಗಳೂ ಅಲ್ಲೇ ಇವೆ. ಅವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಪುಟದಲ್ಲಿ ಜಾಗವಿದ್ದರೆ ಒಂದು ಭಾನುವಾರ ಅದನ್ನು ಹಾಗೆಯೇ ಅಚ್ಚು ಮಾಡಿ, ಮಣ್ಣಿನ ನಾಯಿಗಳ ಸಮೇತ. ಅದೇನೂ ಗೌಪ್ಯ ಅಲ್ಲ. ಸಮಿತಿಗೆ ಹೋದದ್ದು ನನ್ನ ಒಂದೂವರೆ ಪುಟ ಮಾತ್ರ.

ಇಂತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗಿ
ಸುಂಟಿಕೊಪ್ಪ, ಕೊಡಗು