ಪುಟ್ಟಾ, ಕೆಲಸಕ್ಕೆ ತಗೊಳ್ಳೋ ಮುಂಚೆ ಸ್ವಲ್ಪ ವಿಚಾರಿಸು

ಪುಟ್ಟಾ,

ಮೊನ್ನೆ ಫೋನಲ್ಲಿ "ಅತ್ತೆ, ಅಕೌಂಟ್ಸಿಗೆ ಒಬ್ರು ಡೆಲಿವರಿಗೆ ಒಬ್ರು ತಗೋತಿದೀನಿ, ಬ್ಯಾಕ್‌ಗ್ರೌಂಡ್ ಚೆಕ್ಕೆಲ್ಲಾ ದೊಡ್ಡ ಕಂಪ್ನಿಯವ್ರಿಗೆ, ನಮಗ್ಯಾಕೆ" ಅಂದ್ಯಲ್ಲ, ಆವಾಗ ಏನೋ ಕೆಲಸದಲ್ಲಿದ್ದೆ, ಹೂಂ ಅಂದು ಇಟ್ಬಿಟ್ಟೆ. ಆಮೇಲೆ ಯೋಚ್ನೆ ಮಾಡಿದ್ರೆ ಇದು ಉಲ್ಟಾ ಕಣೋ, ಬರೋರ ಹಳೇ ಕೆಲಸ, ಡಿಗ್ರಿ, ಕೇಸು ಎಲ್ಲಾ ವಿಚಾರಿಸೋದು ನಿನ್ನಂಥ ಚಿಕ್ಕ ಕಡೆಗೇ ಜಾಸ್ತಿ ಬೇಕು. ಐನೂರು ಜನ ಇರೋ ಕಡೆ ಒಬ್ಬ ಕಳ್ಳ ಸೇರ್ಕೊಂಡ್ರೆ ಅವನ ಮೇಲೆ ಕಣ್ಣಿಡೋಕೆ ಇನ್ನೊಬ್ಬ ಇರ್ತಾನೆ, ಆಡಿಟ್ ಇರತ್ತೆ, ನಿನ್ನಲ್ಲಿ ಬಿಲ್ ಬರೆಯೋರೂ ಅವ್ರೇ, ದುಡ್ಡು ಈಸ್ಕೊಳ್ಳೋರೂ ಅವ್ರೇ, ಬ್ಯಾಂಕಿಗೆ ಕಟ್ಟೋರೂ ಅವ್ರೇ.

ನಾನು ಆಫೀಸ್ ಶುರು ಮಾಡಿದ ಹೊಸದ್ರಲ್ಲಿ ಒಬ್ಬ ಹುಡುಗ ಬಂದಿದ್ದ, ರೆಸ್ಯೂಮೆ ಕೆಳಗೆ ಹಳೇ ಮ್ಯಾನೇಜರ್ದು ಅಂತ ಒಂದು ಮೊಬೈಲ್ ನಂಬರ್. ಫೋನ್ ಮಾಡ್ದೆ, "ಬಂಗಾರದಂಥ ಹುಡುಗ ಮೇಡಂ, ಕಣ್ಮುಚ್ಕೊಂಡು ತಗೊಳ್ಳಿ" ಅಂದ್ರು, ನಾನೂ ಕಣ್ಮುಚ್ಕೊಂಡೇ ತಗೊಂಡೆ. ಆರು ತಿಂಗಳಾದ್ಮೇಲೆ ಗೊತ್ತಾಯ್ತು ಆ ಮ್ಯಾನೇಜರ್ ಅವನ ರೂಮ್‌ಮೇಟ್ ಅಂತ! ಅದಕ್ಕೇ ಹೇಳ್ತೀನಿ, ಅವರು ಕೊಟ್ಟ ನಂಬರಿಗೆ ಮಾಡ್ಬೇಡ, ಆ ಕಂಪ್ನಿ ನಂಬರ್ ನೀನೇ ಹುಡುಕಿ ಆಫೀಸಿಗೇ ಮಾಡು. ಯಾವಾಗ ಸೇರಿದ್ರು, ಯಾವಾಗ ಬಿಟ್ರು, ಏನ್ ಕೆಲಸ ಮಾಡ್ತಿದ್ರು ಇಷ್ಟು ಕೇಳಿ, ಕೊನೇಲಿ "ಮತ್ತೆ ಬಂದ್ರೆ ತಗೋತೀರಾ" ಅಂತ ಒಂದು ಮಾತು ಕೇಳು. ಎಷ್ಟೋ ಕಂಪ್ನಿಯವ್ರು ತಾರೀಖು ಬಿಟ್ಟು ಬೇರೇನೂ ಬಾಯಿ ಬಿಡಲ್ಲ, ಅದು ಅವರ ರೂಲ್ಸ್, ಅದನ್ನ ಕೆಟ್ಟ ಸರ್ಟಿಫಿಕೇಟ್ ಅಂದ್ಕೋಬೇಡ. ಡಿಗ್ರಿದೂ ಅಷ್ಟೇ, ಜೆರಾಕ್ಸ್ ನೋಡಿ ಸುಮ್ಮನಾಗ್ಬೇಡ, ಕೊಟ್ಟ ಯೂನಿವರ್ಸಿಟಿನೇ ಕೇಳು. ಈಗ ಕೆಲಸ ಮಾಡ್ತಿರೋ ಜಾಗಕ್ಕೆ ಮಾತ್ರ ಅವರನ್ನ ಕೇಳದೆ ಫೋನ್ ಮಾಡ್ಬೇಡ ಮಾರಾಯ, ನಿನ್ನಲ್ಲಿ ಕೆಲಸ ಸಿಗೋದು ಇನ್ನೂ ಗ್ಯಾರಂಟಿ ಇಲ್ಲ, ಇರೋದೂ ಹೋಗತ್ತೆ.

ಇನ್ನೊಂದು ವಿಷಯ ನಿಮ್ಮ ಮಾವಂಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಸ್ಟೋರ್ ನೋಡ್ಕೊಳ್ಳೋಕೆ ಒಬ್ರನ್ನ ನೋಡಿದ್ದೆ, ಒಳ್ಳೇ ಮನುಷ್ಯ ಅನ್ಸಿತ್ತು, ಒಂದು ಏಜೆನ್ಸಿಗೆ ಕೊಟ್ಟು ಚೆಕ್ ಮಾಡ್ಸಿದ್ರೆ ರಿಪೋರ್ಟಲ್ಲಿ ಆ ಹೆಸರಿನ ಮೇಲೆ ಒಂದು ಕಳ್ಳತನದ ಕೇಸ್. ನೋಡಿದ್ದೇ ತಡ ಬೇಡ ಅಂತ ಹೇಳಿ ಕಳ್ಸಿದೆ, ಕಾರಣನೂ ಹೇಳ್ಲಿಲ್ಲ. ಎರಡು ವಾರ ಬಿಟ್ಟು ಆಫೀಸಿಗೇ ಬಂದ್ರು, ಯಾಕೆ ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ ಅಂದ್ರು. ಡ್ರಾದಿಂದ ರಿಪೋರ್ಟ್ ತೆಗೆದು ತೋರಿಸ್ದೆ. ತಮ್ಮ ಐಡಿ ಕಾರ್ಡ್ ಅದರ ಪಕ್ಕ ಇಟ್ಟು ಹುಟ್ಟಿದ ತಾರೀಖಿನ ಕೆಳಗೆ ಬೆರಳಿಟ್ರು, ಒಂಬತ್ತು ವರ್ಷ ವ್ಯತ್ಯಾಸ, ತಂದೆ ಹೆಸರೂ ಬೇರೆ. "ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ನಲ್ಲ ಮೇಡಂ" ಅಂದ್ರು, ಗಟ್ಟಿಯಾಗೂ ಅನ್ಲಿಲ್ಲ. ಅಷ್ಟರಲ್ಲಿ ಆ ಜಾಗಕ್ಕೆ ಬೇರೆಯವ್ರು ಬಂದಾಗಿತ್ತು. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ನಿಮಗೆಲ್ಲ ಹೇಳೋಳು ನಾನೇ ನೋಡು.

ಅಮೆರಿಕದಲ್ಲಿ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಅಂತ 1970ರ ಕಾನೂನಿದೆ, ಈಗ ಅದರ ಪ್ರಕಾರ ಏಜೆನ್ಸಿ ಕೈಲಿ ಚೆಕ್ ಮಾಡಿಸ್ಬೇಕಂದ್ರೆ ಮೊದಲು ಬರವಣಿಗೆಯಲ್ಲಿ ತಿಳಿಸಿ ಒಪ್ಪಿಗೆ ತಗೋಬೇಕು, ರಿಪೋರ್ಟ್ ನೋಡಿ ಬೇಡ ಅನ್ನೋ ಮುಂಚೆ ಅದರ ಕಾಪಿ ಅವರ ಕೈಗೆ ಕೊಡ್ಬೇಕು. ಅಲ್ಲಿನ ಹವಾಯಿ ರಾಜ್ಯದಲ್ಲಂತೂ 1998ರಿಂದ, ಕೆಲಸ ಕೊಡ್ತೀವಿ ಅಂತ ಷರತ್ತಿನ ಆಫರ್ ಕೊಡೋವರೆಗೂ ಹಳೇ ಶಿಕ್ಷೆ ವಿಷಯ ಎತ್ತೋ ಹಾಗೇ ಇಲ್ಲ. ಕಾನೂನು ಒಂದೊಂದು ಕಡೆ ಒಂದೊಂದು ಥರ, ನಿನಗೆ ಯಾವುದು ಅನ್ವಯಿಸತ್ತೆ ಅಂತ ವಕೀಲರ ಹತ್ರ ಒಂದ್ಸಲ ಕೇಳ್ಕೋ, ಆದ್ರೆ ನಾನು ಆ ರಿಪೋರ್ಟನ್ನ ಡ್ರಾಗೆ ಹಾಕೋ ಬದ್ಲು ಅವರ ಮುಂದೆ ಇಟ್ಟಿದ್ರೆ ಐದು ನಿಮಿಷದಲ್ಲಿ ಮುಗೀತಿತ್ತು.

ನಿಜವಾಗ್ಲೂ ಹಳೇ ಕೇಸ್ ಇದ್ರೂ ಗಾಬರಿ ಬೀಳ್ಬೇಡ. ಏನ್ ತಪ್ಪು, ಎಷ್ಟು ವರ್ಷ ಆಯ್ತು, ನೀನು ಕೊಡೋ ಕೆಲಸಕ್ಕೂ ಅದಕ್ಕೂ ಏನ್ ಸಂಬಂಧ, ಇಷ್ಟು ನೋಡು. ಡೆಲಿವರಿ ಹುಡುಗಂಗೆ ಲೈಸೆನ್ಸ್ ಚಾಲ್ತಿಲಿದ್ಯಾ, ಗಾಡಿ ಹೆಂಗೆ ಓಡಿಸ್ತಾನೆ ನೋಡ್ಬೇಕು, ಅವನ ಸಾಲದ ಹಿಸ್ಟರಿ ಕಟ್ಕೊಂಡು ನಿಂಗೇನಾಗ್ಬೇಕು. ಫೇಸ್‌ಬುಕ್ಕು ಇನ್‌ಸ್ಟಾಗ್ರಾಮ್ ಕೆದಕ್ತಾ ಕೂರ್ಬೇಡ, ಯಾವ ದೇವ್ರಿಗೆ ಕೈ ಮುಗೀತಾರೆ, ಬಸುರಿನಾ, ಮನೇಲಿ ಯಾರಿಗೆ ಕಾಯಿಲೆ ಎಲ್ಲಾ ಕಣ್ಣಿಗೆ ಬೀಳತ್ತೆ, ಬಿದ್ದ ಮೇಲೆ ನೋಡಿಲ್ಲ ಅನ್ನೋಕಾಗಲ್ಲ. ಒಂದೇ ಕೆಲಸಕ್ಕೆ ಮೂರು ಜನ ಬಂದ್ರೆ ಮೂರೂ ಜನಕ್ಕೂ ಒಂದೇ ಚೆಕ್, ಅದ್ರಲ್ಲಿ ನಿನ್ನ ಫ್ರೆಂಡ್ ತಮ್ಮ ಇದ್ರೆ ಅವನಿಗೂ ಸೇರಿಸಿ! ಆ ಪೇಪರೆಲ್ಲಾ ಬೀಗದೊಳಗಿಡು, ವಾಟ್ಸಾಪಲ್ಲಿ ಕಳ್ಸೋ ಚಾಳಿ ಬಿಡು, ಕೆಲಸಕ್ಕೆ ತಗೊಳ್ದೇ ಇದ್ದವ್ರದ್ದನ್ನ ಕಾನೂನು ಹೇಳಿದಷ್ಟು ದಿನ ಇಟ್ಟು ಹರಿದು ಹಾಕು.

ಆ ಅಕೌಂಟ್ಸ್ ಹುಡುಗಿಗೆ ಚೆಕ್ ಮುಗಿಯೋವರೆಗೂ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡ್ಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳು. ಒಪ್ಪಿಗೆ ಫಾರಂ ಬರೆದ್ರೆ ಸೈನ್ ಹಾಕ್ಸೋ ಮುಂಚೆ ನಂಗೊಂದ್ಸಲ ತೋರ್ಸು, ಕನ್ನಡಕ ಹಾಕ್ಕೊಂಡು ಓದ್ತೀನಿ.

ಇಂತಿ,
ನಿನ್ನ ಅತ್ತೆ