ಬಿಳಿ ಬಟ್ಟೆಯ ಜೊತೆಗೊಂದು ಕಾಗದ

ಪ್ರೀತಿಯ ಪುಟ್ಟೀ,

ಮಂಗನ ಕಾಯಿಲೆಯ ಅಧ್ಯಯನಕ್ಕೆಂದು ನೀನು ಕೇಳಿದ್ದ ಫ್ಲಾನಲ್ ಬಟ್ಟೆ ಹೊಲಿದಾಯಿತು. ಅಂಚನ್ನು ಎರಡು ಸಲ ಮಡಚಿ ಹೊಲಿದಿದ್ದೇನೆ, ಕೋಲು ತೂರಿಸಲು ಒಂದು ಬದಿಯಲ್ಲಿ ಜಾಗ ಬಿಟ್ಟಿದ್ದೇನೆ. ಕಾಡಿನ ನೆಲದ ಮೇಲೆ ಇದನ್ನು ಎಳೆದುಕೊಂಡು ಹೋದರೆ ಆ ಕಾಯಿಲೆ ಹರಡುವ ಉಣುಗುಗಳು ಹತ್ತಿಕೊಳ್ಳುತ್ತವೆ, ಬಿಳಿ ಬಟ್ಟೆಯಾದ್ದರಿಂದ ಸಣ್ಣ ಮರಿಯೂ ಕಾಣುತ್ತದೆ ಎಂದು ನೀನು ಫೋನಿನಲ್ಲಿ ಹೇಳಿದ ಮೇಲೆ ನಿನ್ನ ಅಪ್ಪ ತುಂಬ ಹೊತ್ತು ಮಾತನಾಡಲಿಲ್ಲ. ಊರಿನವರೆಲ್ಲ ಹೆದರಿ ದೂರವಿಡುವುದನ್ನೇ ನೀನು ಹುಡುಕಿಕೊಂಡು ಹೊರಟಿದ್ದೀಯೆ. ಬೇಡ ಎನ್ನಲು ಈ ಕಾಗದ ಬರೆಯುತ್ತಿಲ್ಲ. ಹೋಗು. ಆದರೆ ಕೆಳಕೇರಿಯ ದೊಡ್ಡಮ್ಮನ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. ಅದನ್ನು ಪೂರ್ತಿ ಹೇಳಬೇಕು.

ನೀನಾಗ ಆರನೇ ತರಗತಿ. ಅಡಿಕೆ ಕೊಯ್ಲು ಮುಗಿಯುತ್ತ ಬಂದಿತ್ತು. ದೊಡ್ಡಮ್ಮ ನಮ್ಮ ಸೊಪ್ಪಿನ ಬೆಟ್ಟದಿಂದ ತರಗೆಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಕುತ್ತಿದ್ದರು. ದಿನಕ್ಕೆ ಆರೇಳು ಹೆಡಿಗೆ. ಆ ವರ್ಷ ಬೆಟ್ಟದಾಚೆ ಒಂದು ಮುಸಿಯ, ಅಂದರೆ ಕಪ್ಪು ಮುಖದ ಮಂಗ, ಸತ್ತು ಬಿದ್ದಿದೆ ಎಂಬ ಸುದ್ದಿ ಬಂದಿತ್ತು. ನಾವೂ ಕೇಳಿದ್ದೆವು. ಕೇಳಿಯೂ 'ಈ ವಾರ ತರಗೆಲೆ ಬೇಡ' ಎಂದು ನಾನು ಅವರಿಗೆ ಹೇಳಲಿಲ್ಲ. ಇಂದಿಗೂ ಈ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಜನವರಿಯ ಒಂದು ಮಧ್ಯಾಹ್ನ ಚಳಿ ಹಿಡಿದು ಕುಳಿತವರು ಮತ್ತೆ ಏಳಲಿಲ್ಲ. ತಲೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡ ಮುಟ್ಟಗೊಡದಂಥ ನೋವು, ಕೆಂಡದಂಥ ಕಣ್ಣು. ಐದನೆಯ ದಿನ ವಸಡಿನಲ್ಲಿ ರಕ್ತ ಕಂಡಾಗ ಜೀಪು ಮಾಡಿ ಆಸ್ಪತ್ರೆಗೆ ಸೇರಿಸಿದೆವು. ಈ ಜ್ವರಕ್ಕೆಂದೇ ಔಷಧ ಇಲ್ಲ, ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವ ಹೆಚ್ಚದಂತೆ ನೋಡಿಕೊಳ್ಳುವುದಷ್ಟೇ ಎಂದು ಡಾಕ್ಟರು ಹೇಳಿದರು. ಜ್ವರ ಇಳಿಯಿತು, ಮನೆಗೆ ಬಂದರು. ಗಂಡಾಂತರ ಕಳೆಯಿತೆಂದು ನಾವು ದೇವರಿಗೆ ಕಾಯಿ ಒಡೆದೆವು. ಹತ್ತು ದಿನ ಕಳೆಯುವುದರೊಳಗೆ ಎರಡನೆಯ ಸಲ ಜ್ವರ ಏರಿತು. ಕೈ ನಡುಗಿ ಲೋಟ ಹಿಡಿಯಲಾಗದು, ಮಾತು ಒಂದಕ್ಕೊಂದು ಸೇರದು. ಬದುಕಿದರು. ಆದರೆ ಮತ್ತೆ ಹೆಡಿಗೆ ಹೊರಲು ಅವರಿಗೆ ಮುಂದಿನ ಮಳೆಗಾಲವೇ ಬೇಕಾಯಿತು.

ಇಷ್ಟು ನಿನಗೂ ನೆನಪಿರಬಹುದು. ಉಳಿದರ್ಧ ಇದು. ಜ್ವರದ ದಿನಗಳಲ್ಲಿ ಯಾರೋ ಬಂದು ಅವರ ರಕ್ತ ತೆಗೆದುಕೊಂಡರು, ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ವರದಿ ಬರುತ್ತದೆ ಎಂದರು. ಬರಲೇ ಇಲ್ಲ. ನಿನ್ನ ಅಪ್ಪ ಮೂರು ಸಲ ವಿಚಾರಿಸಿ ಬಂದರು. ಅತ್ತ ಕೇರಿಯಲ್ಲಿ ಏನಾಯಿತು ಗೊತ್ತೇ? ಅವರದು ಮಂಗನ ಕಾಯಿಲೆಯಂತೆ, ಅಂಟುತ್ತದಂತೆ ಎಂದು ಜನ ಅವರ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಅವರ ಮೊಮ್ಮಗನನ್ನು ಅಂಗನವಾಡಿಯಲ್ಲಿ ಬೇರೆ ಕೂರಿಸಿದರು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆಯಲ್ಲ ಎಂದು ಅಧಿಕಾರದಿಂದ ಹೇಳುವವರು ಒಬ್ಬರೂ ಆ ಅಂಗಳಕ್ಕೆ ಬರಲಿಲ್ಲ. ಒಂದು ಚೀಟಿ, ಒಂದು ಮಾತು ಸಾಕಿತ್ತು.

ಸೊರಬದ ಕಡೆಯವರಾದ ನಿನ್ನ ಅಜ್ಜ 1957ರ ಮಾತನ್ನು ಆಗಾಗ ತೆಗೆಯುತ್ತಿದ್ದರು. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿ ಬೀಳುತ್ತಿದ್ದ ವರ್ಷ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದಾಗ, ಭಾರತದಲ್ಲಿ ಇಲ್ಲದ ಹಳದಿ ಜ್ವರವೇ ಹೊಕ್ಕಿತೇ ಎಂಬ ದಿಗಿಲು ಇತ್ತಂತೆ. ಕೊನೆಗೆ ತಿಳಿದದ್ದು, ರಷ್ಯದಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್ ಎಂದು. ಸತ್ತ ಮಂಗಗಳನ್ನೂ ಹಕ್ಕಿ, ಇಲಿಗಳನ್ನೂ ಒಯ್ದವರ ಬಗ್ಗೆ ಅಜ್ಜನಿಗೆ ಗೌರವವೇ ಇತ್ತು. ನಮ್ಮ ಕಾಡಿನ ಹೆಸರೇ ಈ ಕಾಯಿಲೆಯ ಹೆಸರಾಗಿ ಲೋಕದ ವೈದ್ಯರ ಬಾಯಲ್ಲಿ ನಿಂತದ್ದು ಹಾಗೆ. ನನಗೂ ಗೌರವವಿದೆ, ಪುಟ್ಟೀ. ಅವರು ಹುಡುಕದೇ ಇದ್ದಿದ್ದರೆ ಮಂಗ ಸತ್ತ ಜಾಗದ ಸುತ್ತ ಹೋಗಬಾರದು ಎಂಬ ತಿಳಿವಳಿಕೆಯೂ ನಮಗೆ ಇರುತ್ತಿರಲಿಲ್ಲ. ಸತ್ತ ಮಂಗನ ಮೈಯಿಂದ ಉಣುಗು ಇಳಿದು ಅಲ್ಲೇ ತರಗೆಲೆಯಲ್ಲಿ ಕಾಯುತ್ತದೆ ಎಂದು ನನಗೆ ಮೊದಲು ಬಿಡಿಸಿ ಹೇಳಿದವಳು ನೀನೇ.

ನೀನು ಮನೆಮನೆಗೆ ಹೋದಾಗ ಜನ ಮೊದಲು ಕೇಳುವುದು ಲಸಿಕೆಯನ್ನು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಮತ್ತೊಂದು, ವರ್ಷವರ್ಷವೂ ಇನ್ನೊಂದು ಎಂದು ಚುಚ್ಚಿಸಿಕೊಂಡವರು ನಾವು. ತೋಳು ಊದಿಕೊಂಡು ಎರಡು ದಿನದ ಕೂಲಿ ಹೋಗುತ್ತಿತ್ತು, ಹಾಗಾಗಿ ಎರಡನೆಯದಕ್ಕೆ ಅರ್ಧ ಊರು ಬರುತ್ತಿರಲಿಲ್ಲ. ಅದರ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ನಡೆಯುತ್ತಿದೆ ಎಂದು ಮಾತ್ರ ಹೇಳು. ಅವರನ್ನು ಸಮಾಧಾನ ಮಾಡಲು ತಾರೀಖು ಕೊಡಬೇಡ.

'ಕಾಡಿಗೆ ಏಕೆ ಹೋದಿರಿ' ಎಂದು ಮಾತ್ರ ಯಾರನ್ನೂ ಕೇಳಬೇಡ. ತೋಟ ನಮ್ಮದು, ಕೊಟ್ಟಿಗೆ ನಮ್ಮದು, ಉಣುಗು ಕಚ್ಚಿದ್ದು ದೊಡ್ಡಮ್ಮನ ಕಾಲಿಗೆ. ನವೆಂಬರ್‌ನಿಂದ ಮೇ ತನಕ ಕಾಯಿಲೆಯ ಕಾಲ, ಸೊಪ್ಪು ಸೌದೆಯ ಕಾಲವೂ ಅದೇ. ಎಷ್ಟು ಹೊತ್ತು ಕಾಡಿನಲ್ಲಿದ್ದರು, ಯಾರ ಮನೆಯ ಕೆಲಸಕ್ಕೆ ಹೋಗಿದ್ದರು, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯನ್ನು ಯಾರಾದರೂ ಅವರ ಕೈಗೆ ಕೊಟ್ಟಿದ್ದರೇ ಎಂದು ಕೇಳು. ಸಂಜೆ ಆರರ ಮೇಲೆ ಹೋಗು. ಹಗಲಿನಲ್ಲಿ ಅವರು ಸಿಗುವುದಿಲ್ಲ, ಸಿಕ್ಕರೂ ಕೂಲಿ ಬಿಟ್ಟು ನಿನ್ನೆದುರು ಕೂರಬೇಕಾಗುತ್ತದೆ.

ನೀನೂ ಎಣ್ಣೆ ಹಚ್ಚಿಕೋ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೋ. ಬಂದ ಕೂಡಲೇ ಬಿಸಿನೀರು ಮೀಯಬೇಕು, ಬಟ್ಟೆ ಕುದಿಸಬೇಕು. ಜ್ವರ ಬಂದರೆ ಒಂದು ದಿನವೂ ನನ್ನಿಂದ ಮುಚ್ಚಿಡಬಾರದು. ನಿನ್ನ ಅಪ್ಪ ಹೇಳದೇ ಇರುವುದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಿನ್ನೆ ದೊಡ್ಡಮ್ಮ ಜಗಲಿಗೆ ಬಂದು, ನಾನು ಬಟ್ಟೆ ಹೊಲಿಯುವುದನ್ನು ನೋಡುತ್ತ ಕುಳಿತಿದ್ದರು. ಏತಕ್ಕೆಂದು ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, ಆವತ್ತಿನ ಜ್ವರದ ಗುರುತು ಈಗಲೂ ರಕ್ತದಲ್ಲಿ ಉಳಿದಿರುತ್ತದೆಯೇ, ಕೂಸನ್ನು ಕೇಳಿ ಹೇಳುತ್ತೀರಾ ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಭಾನುವಾರ ಫೋನು ಮಾಡುವಾಗ ನೀನೇ ಹೇಳು, ಅವರನ್ನು ಇಲ್ಲಿಯೇ ಕರೆದು ಕೂರಿಸಿಕೊಂಡಿರುತ್ತೇನೆ.

ನಿನ್ನ
ಅಮ್ಮ